ಬ್ಯಾಟರಿ ಬೆಸುಗೆ: ದುರಸ್ತಿಯೋ, ತೇಪೆಯೋ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಬಿಕಾನ್ ಎಂಬ ಹೆಸರಾಂತ ಜೀಪು ಹಾದಿಯಿದೆ. ಸಿಯೆರಾ ನೆವಾಡಾ ಪರ್ವತಗಳ ನಡುವೆ ತಾಹೋ ಸರೋವರದ ಕಡೆಗೆ ಸಾಗುವ ಇದರ ಉದ್ದ ಸುಮಾರು 35 ಕಿ.ಮೀ. ಹಾದಿ ಎಂದರೆ ಹೆಚ್ಚಿನ ಕಡೆ ಗ್ರಾನೈಟ್ ಬಂಡೆಗಳ ಮೇಲೆ ಚಕ್ರ ಹತ್ತಿಸಿ ಇಳಿಸುವುದು ಅಷ್ಟೆ. ಇಲ್ಲಿ ವಾಹನದ ತಳದ ಭಾಗವೊಂದು ಮುರಿದರೆ ಗ್ಯಾರೇಜು ದೂರ. ಇಂಥ ಹಾದಿಗಳಿಗೆ ಹೋಗುವವರು ಬ್ಯಾಟರಿಯಿಂದ ನಡೆಯುವ ಬೆಸುಗೆ ಸಾಧನ ಒಯ್ಯುವುದುಂಟು. ಮುರಿದದ್ದನ್ನು ಅಲ್ಲೇ ದುರಸ್ತಿ ಮಾಡಿಕೊಂಡು ಮುಂದೆ ಹೋಗಬಹುದು ಎಂಬುದು ಅವರ ವಾದ. ಈ ವಾದದಲ್ಲಿ ಎಷ್ಟು ಹುರುಳಿದೆ? ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ಪರಿಶೀಲಿಸೋಣ.

ಕಲ್ಪನೆ ಹೊಸದಲ್ಲ. 1880ರ ದಶಕದಲ್ಲಿ ನಿಕೊಲಾಯ್ ಬೆನಾರ್ಡೋಸ್ ಇಂಗಾಲದ ಕಡ್ಡಿಯ ಚಾಪದಿಂದ ಲೋಹ ಬೆಸೆದಾಗ ಬಳಸಿದ್ದು ಸಂಚಯಕ ಬ್ಯಾಟರಿಗಳನ್ನೇ.

ಶಕ್ತಿಗೆ ಕೊರತೆಯಿಲ್ಲ

2.5 ಮಿ.ಮೀ. ದಪ್ಪದ ಒಂದು ವೆಲ್ಡಿಂಗ್ ರಾಡ್ ಸುಮಾರು 80 ಆಂಪಿಯರ್ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಒಂದು ನಿಮಿಷ ಉರಿಯುತ್ತದೆ. ಅಂದರೆ ಖರ್ಚು 1.33 ಆಂಪಿಯರ್-ಗಂಟೆ. ಜೀಪಿನ ಬ್ಯಾಟರಿ 60 ಆಂಪಿಯರ್-ಗಂಟೆಯದಾದರೆ ಲೆಕ್ಕದ ಮೇಲೆ 45 ರಾಡ್ ಉರಿಸಬಹುದು. ಭಾರಿ ವಿದ್ಯುತ್ ಎಳೆದಾಗ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ. ಮತ್ತೆ ಎಂಜಿನ್ ಚಾಲೂ ಮಾಡಲೂ ಸ್ವಲ್ಪ ಉಳಿಸಬೇಕು. ಆದರೂ ನಾಲ್ಕೈದು ರಾಡ್‌ಗಳಿಗೆ ಧಾರಾಳವಾಗಿ ಸಾಕು. ಬ್ಯಾಟರಿಯಲ್ಲಿ ದಮ್ಮಿಲ್ಲ ಎಂಬ ಆಕ್ಷೇಪ ನಿಲ್ಲುವುದಿಲ್ಲ.

ಕೊರತೆ ಇರುವುದು ಹಿಡಿತಕ್ಕೆ

80 ಆಂಪಿಯರ್ ಚಾಪಕ್ಕೆ ಸುಮಾರು 23 ವೋಲ್ಟ್ ವಿಭವಾಂತರ ಬೇಕು. ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ ಸಿಗುವುದು ಸುಮಾರು 25 ವೋಲ್ಟ್. ಆಂತರಿಕ ರೋಧ ಮತ್ತು ಕೇಬಲ್‌ಗಳು ಅದರಲ್ಲೂ ಪಾಲು ಕೇಳುತ್ತವೆ. ಚಾಪ ಕಷ್ಟಪಟ್ಟು ಹೊತ್ತುತ್ತದೆ. ಕೈ ತುಸು ಮೇಲೆ ಹೋದರೆ ಆರುತ್ತದೆ, ಕೆಳಗೆ ಹೋದರೆ ರಾಡ್ ಅಂಟಿಕೊಳ್ಳುತ್ತದೆ. ಅಂಟಿಕೊಂಡಾಗ ಅದು ಹ್ರಸ್ವ ಮಂಡಲ; ನೂರಾರು ಆಂಪಿಯರ್ ಹರಿದು ಬ್ಯಾಟರಿಯ ಫಲಕಗಳು ಹಾಳಾಗಬಹುದು.

ಮೂರು ಬ್ಯಾಟರಿ ಜೋಡಿಸಿದರೆ? ಆಗ ಸುಮಾರು 38 ವೋಲ್ಟ್. ಚಾಪ ಸುಲಭವಾಗಿ ಹೊತ್ತುತ್ತದೆ. ಹೆಚ್ಚುವರಿ 15 ವೋಲ್ಟ್ ಏನಾಗಬೇಕು? ಓಮ್ ನಿಯಮ ಅನ್ವಯಿಸಿ ನೋಡಿ. ವಿದ್ಯುತ್ತನ್ನು 80 ಆಂಪಿಯರ್‌ಗೆ ಮಿತಿಗೊಳಿಸಲು ಸುಮಾರು 0.19 ಓಮ್ ರೋಧ ಬೇಕು. ದಪ್ಪ ಕೇಬಲ್ ಮತ್ತು ಬ್ಯಾಟರಿಗಳ ಒಟ್ಟು ರೋಧ ಅದರ ಒಂದು ಸಣ್ಣ ಪಾಲು ಮಾತ್ರ. ಹಾಗಾಗಿ ವಿದ್ಯುತ್ ಮಿತಿಮೀರಿ ತೆಳು ತಗಡು ತೂತಾಗುತ್ತದೆ.

ಈ ದೋಷವನ್ನು ಹೊಸ ಸಾಧನಗಳು ನಿವಾರಿಸಿವೆ. ಆಸ್ಟ್ರಿಯದ ಫ್ರೋನಿಯಸ್ ಕಂಪನಿಯ ಆಕ್ಯುಪಾಕೆಟ್‌ನ ತೂಕ ಸುಮಾರು 11 ಕಿ.ಗ್ರಾಂ. ಅದರ ಲಿಥಿಯಂ ಬ್ಯಾಟರಿಯ ಜೊತೆಗಿರುವ ಎಲೆಕ್ಟ್ರಾನಿಕ್ ಮಂಡಲ, ಚಾಪದ ಉದ್ದ ತುಸು ಬದಲಾದರೂ ವಿದ್ಯುತ್ತನ್ನು ಹಿಡಿತದಲ್ಲಿಡುತ್ತದೆ. ಹಣಕ್ಕೆ ತಕ್ಕ ನಿಜವಾದ ಸುಧಾರಣೆ ಇದು.

ಉಕ್ಕು ಕೇಳುವುದು ಬೇರೆ

ಆದರೆ ಯಾವ ಸಾಧನವೂ ಬಗೆಹರಿಸದ ತೊಡಕೊಂದಿದೆ. ಅದನ್ನು ತಿಳಿಯಲು ತರಗತಿಯಲ್ಲೇ ಒಂದು ಪ್ರಯೋಗ ಮಾಡಬಹುದು. ಕಣ್ಣಿಗೆ ರಕ್ಷಣಾ ಕನ್ನಡಕವಿರಲಿ, ಶಿಕ್ಷಕರು ಎದುರಿಗಿರಲಿ. ಎರಡು ಹೊಲಿಗೆ ಸೂಜಿಗಳನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ. ಒಂದನ್ನು ಜ್ವಾಲೆಯಿಂದ ನಿಧಾನವಾಗಿ ಸರಿಸಿ ತಣಿಯಲು ಬಿಡಿ, ಇನ್ನೊಂದನ್ನು ತಟ್ಟನೆ ನೀರಿಗೆ ಅದ್ದಿ. ಪೂರ್ತಿ ತಣಿದ ಮೇಲೆ ಇಕ್ಕಳದಿಂದ ಬಗ್ಗಿಸಿ ನೋಡಿ. ಮೊದಲನೆಯದು ಬಾಗುತ್ತದೆ, ಎರಡನೆಯದು ಪಟ್ಟನೆ ಮುರಿಯುತ್ತದೆ. ಬೇಗ ತಣಿದ ಉಕ್ಕಿನಲ್ಲಿ ಮಾರ್ಟೆನ್ಸೈಟ್ ಎಂಬ ಗಡುಸಾದ ಆದರೆ ಪೆಡಸಾದ ರಚನೆ ಉಂಟಾಗುವುದೇ ಕಾರಣ.

ಬೆಸುಗೆಯ ಅಂಚಿನಲ್ಲಿ ನಡೆಯುವುದೂ ಇದೇ. ಅಲ್ಲಿ ನೀರಿನ ಕೆಲಸವನ್ನು ಸುತ್ತಲಿನ ತಣ್ಣನೆಯ ಲೋಹವೇ ಮಾಡುತ್ತದೆ. ಇಂಗಾಲ ಶೇ. 0.25ಕ್ಕಿಂತ ಕಡಿಮೆಯಿರುವ ಮೃದು ಉಕ್ಕಿಗೆ ಇದರ ಚಿಂತೆ ಕಡಿಮೆ. ಬಂಪರಿನ ಆಧಾರಪಟ್ಟಿ, ಶಾಕ್ ಅಬ್ಸಾರ್ಬರ್ ಕೂರುವ ತೊಟ್ಟಿಲು ಇಂಥವನ್ನು ಬೆಸೆಯಬಹುದು. ಆದರೆ ಲೀಫ್ ಸ್ಪ್ರಿಂಗ್‌ನ ಪಟ್ಟಿಯಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6ರಷ್ಟಿರುತ್ತದೆ. ಅದನ್ನು ಮೊದಲೇ ಕಾಯಿಸಿ, ಬೆಸೆದ ಮೇಲೆ ನಿಧಾನ ತಣಿಸಿ, ಮತ್ತೆ ಹದಗೊಳಿಸಬೇಕು. ಬಂಡೆಯ ಮೇಲೆ ಕುಳಿತು ಇವೆಲ್ಲ ಆಗುವ ಕೆಲಸವಲ್ಲ. ಹಾಗೆಯೇ ಬೆಸೆದ ಪಟ್ಟಿ ನೋಡಲು ಗಟ್ಟಿ. ಮುಂದಿನ ಹೊಡೆತಕ್ಕೆ ಬೆಸುಗೆಯ ಪಕ್ಕದಲ್ಲೇ ಸೀಳಬಹುದು. ಅದೇ ಸ್ಟೀರಿಂಗಿನ ಭಾಗವಾದರೆ? ಹಳ್ಳದ ಅಂಚಿನಲ್ಲಿ ಚಕ್ರ ಮಾತು ಕೇಳದಿದ್ದರೆ ಅಪಾಯ ಚಾಲಕನಿಗೊಬ್ಬನಿಗೇ ಅಲ್ಲ.

ಜೋಪಾನದ ಮಾತೂ ಮುಖ್ಯ. ಸೀಸ-ಆಮ್ಲ ಬ್ಯಾಟರಿ ಹೈಡ್ರೊಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ. 4 ಇದ್ದರೂ ಕಿಡಿ ತಾಗಿ ಸಿಡಿಯಬಹುದು. ಬ್ಯಾಟರಿಗಳನ್ನು ವಾಹನದಿಂದ ಬಿಡಿಸಿ ದೂರವಿಡಬೇಕು. ಚಾಪದ ಅತಿನೇರಳೆ ಕಿರಣ ಕಣ್ಣಿನ ಹೊರಪದರವನ್ನು ಸುಡುತ್ತದೆ. ತಂಪು ಕನ್ನಡಕ ಸಾಲದು, ಬೆಸುಗೆಯ ಮುಖಕವಚವೇ ಬೇಕು. ಒಣಹುಲ್ಲಿನ ನಡುವೆ, ಇಂಧನ ಟ್ಯಾಂಕಿನ ಬಳಿ ಈ ಕೆಲಸ ಕೂಡದು.

ಒಟ್ಟಿನಲ್ಲಿ ಸಾಧನ ಉಪಯುಕ್ತ, ‘ದುರಸ್ತಿ’ ಎಂಬ ಹೆಸರು ತಪ್ಪು. ಇದು ಊರು ಮುಟ್ಟಿಸುವ ತೇಪೆ. ಬೆಸೆದವರು ನಿಧಾನವಾಗಿ ಹಾದಿಯಿಂದ ಹೊರಬಂದು, ಆ ಭಾಗವನ್ನು ಕಳಚಿ ಹೊಸದು ಹಾಕಿಸಬೇಕು. ಸ್ಟೀರಿಂಗ್ ಮುರಿದಿದ್ದರೆ ತೇಪೆಯನ್ನೂ ಹಾಕದೆ ವಾಹನವನ್ನು ಎಳೆಸಿಕೊಂಡು ಬರುವುದೇ ಜಾಣತನ. ಯಾವುದನ್ನು ಬೆಸೆಯಬಾರದು ಎಂದು ತಿಳಿದವರ ಕೈಯಲ್ಲಿ ಮಾತ್ರ ಈ ಸಾಧನ ಕ್ಷೇಮ.