ಒದ್ದೆ ಧಾನ್ಯ ಮತ್ತು ನಿಧಾನದ ಮೊಬೈಲು

‘ಮೊಬೈಲ್ ಹಳೇದಾಯ್ತು, ಸ್ಲೋ ಆಗಿದೆ.’ ಜಡೆ, ಆನವಟ್ಟಿ, ಶಿಕಾರಿಪುರದ ಅಂಗಡಿಗಳಲ್ಲಿ ಈ ದೂರು ಎಷ್ಟು ಸಹಜವೋ ಅದಕ್ಕೆ ಸಿಗುವ ಉತ್ತರವೂ ಅಷ್ಟೇ ಸಹಜ: ‘ಹೊಸದು ತಗೊಳ್ಳಿ, ಕಂತಿನಲ್ಲಿ ಕೊಡ್ತೀವಿ.’ ಅತ್ತೆಯ ಹೊಲಿಗೆ ಯಂತ್ರವನ್ನು ಸೊಸೆ ತುಳಿಯುವ ಮನೆಗಳಲ್ಲಿ ಮೂರು ವರ್ಷದ ವಸ್ತುವೊಂದು ಮುದಿಯೆನಿಸಿಕೊಂಡಿದೆ.

ನಿಜವಾಗಿ ಮುದಿಯಾಗುವುದು ಬ್ಯಾಟರಿ. ನೂರಾರು ಬಾರಿ ಚಾರ್ಜ್ ಆದ ಲಿಥಿಯಂ-ಅಯಾನ್ ಬ್ಯಾಟರಿಯೊಳಗೆ ರೋಧ ಹೆಚ್ಚುತ್ತದೆ. ಕೆಲಸ ಜೋರಾದಾಗ ಬೇಕಾದಷ್ಟು ವಿದ್ಯುತ್ತನ್ನು ಅದು ಒಮ್ಮೆಲೇ ಕೊಡಲಾರದು. ಮೆಮೊರಿ ತುಂಬಿದ್ದರೆ ಹೊಸದನ್ನು ಬರೆದಿಡಲೂ ತಡ. ಮಿಕ್ಕದ್ದು ಹೇರಿದ ಹೊರೆ. ಅಪ್‌ಡೇಟ್ ಬಂದಂತೆಲ್ಲ ಆ್ಯಪ್‌ಗಳು ದಪ್ಪವಾಗುತ್ತವೆ. ಎತ್ತು ಅದೇ, ಗಾಡಿಯಲ್ಲಿ ಮೂಟೆ ಹೆಚ್ಚಿದೆ.

ಆದರೆ ಎಲ್ಲವೂ ಇಷ್ಟು ಮುಗ್ಧವಲ್ಲ. ಬ್ಯಾಟರಿ ಸವೆದ ಐಫೋನ್‌ಗಳ ವೇಗವನ್ನು ತನ್ನ ತಂತ್ರಾಂಶವೇ ತಗ್ಗಿಸುತ್ತಿದೆ ಎಂದು ಆ್ಯಪಲ್ ಕಂಪೆನಿ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಅದೂ ತಾನಾಗಿ ಅಲ್ಲ. ವೇಗ ಅಳೆಯುವ ‘ಗೀಕ್‌ಬೆಂಚ್’ ತಂತ್ರಾಂಶದ ಜಾನ್ ಪೂಲ್ ಅಂಕಿಗಳನ್ನು ಪ್ರಕಟಿಸಿದ ಮೇಲೆ. ಫೋನು ಹಠಾತ್ತನೆ ಆರಿಹೋಗದಿರಲಿ ಎಂದು ಹೀಗೆ ಮಾಡಿದೆವು ಎಂಬುದು ಕಂಪೆನಿಯ ಸಮಜಾಯಿಷಿ. ಅದು ಪೂರ್ತಿ ಸುಳ್ಳೆಂದು ನನಗೂ ಅನಿಸುವುದಿಲ್ಲ. ಬ್ಯಾಟರಿ ಬದಲಿಸುವ ದರವನ್ನು ಆಗ 79 ಡಾಲರ್‌ನಿಂದ 29ಕ್ಕೆ ಇಳಿಸಿದರು. ಇಷ್ಟರಲ್ಲೇ ಗುಣವಾಗುವ ಕಾಯಿಲೆಗೆ ಎಷ್ಟು ಜನ ಹೊಸ ಫೋನನ್ನೇ ಕೊಂಡಿರಬಹುದು!

ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರವಾದಿ(ಸ)ಯವರ ಬೆರಳು ಒದ್ದೆಯಾದ ಪ್ರಸಂಗ ಹದೀಸ್ ಬಲ್ಲವರಿಗೆ ಗೊತ್ತು. ಮಳೆಗೆ ನೆನೆದದ್ದು ವ್ಯಾಪಾರಿಯ ತಪ್ಪಲ್ಲ. ಒದ್ದೆ ಕಾಳನ್ನು ಒಣಗಿದ್ದರ ಕೆಳಗೆ ಇಟ್ಟದ್ದು ತಪ್ಪು. ಗ್ರಾಹಕರಿಗೆ ತಿಳಿಸಲಿಲ್ಲವೆಂಬ ಕಾರಣಕ್ಕೇ ಫ್ರಾನ್ಸ್ 2020ರಲ್ಲಿ ಆ್ಯಪಲ್‌ಗೆ 2.5 ಕೋಟಿ ಯೂರೋ ದಂಡ ಹಾಕಿತು. ಇಟಲಿ 2018ರಲ್ಲೇ ಆ್ಯಪಲ್ ಜೊತೆ ಸ್ಯಾಮ್‌ಸಂಗ್‌ಗೂ ದಂಡ ವಿಧಿಸಿತ್ತು.

ಐಫೋನಿನವರ ಜಗಳ ನಮಗೇಕೆ ಎನ್ನಬಹುದು. ನಮ್ಮ ಹಳ್ಳಿಗಳಲ್ಲಿ ಮೂಟೆ ಹೇರಿದವರಲ್ಲಿ ಸರ್ಕಾರವೂ ಇದೆ. ನರೇಗಾ ಕೂಲಿಯ ಹಾಜರಾತಿ 2023ರ ಜನವರಿ 1ರಿಂದ ಆ್ಯಪ್‌ನಲ್ಲೇ ಆಗಬೇಕು, ದಿನಕ್ಕೆರಡು ಸಲ ಫೋಟೊ ಏರಿಸಬೇಕು ಎಂದಾಯಿತು. ಫೋಟೊ ಏರದಿದ್ದರೆ ಕೂಲಿಗೇ ಸಂಚಕಾರ. ಆಗ ‘ಸ್ಲೋ’ ಎಂಬುದು ಬರೀ ಕಿರಿಕಿರಿಯಲ್ಲ, ಗುಂಪಿನ ಅಷ್ಟೂ ಹೆಣ್ಣುಮಕ್ಕಳ ಅಂದಿನ ದುಡಿಮೆ. ಅದರ ಹೊಣೆ ಕಾಯಕ ಬಂಧುವಿನ ಕೈಲಿರುವ ಅಗ್ಗದ ಫೋನಿನ ಮೇಲೆ. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಆರಂಭವಾದಾಗಲೂ ಮೊದಲ ದಿನಗಳಲ್ಲಿ ಶಿಕ್ಷಕರು ಮನೆಗಳ ಮುಂದೆ ಆ್ಯಪ್ ತೆರೆಯಲು ಕಾಯುತ್ತ ನಿಂತರು. ಹಳೆಯ ಆಂಡ್ರಾಯ್ಡ್ 4.4ರಲ್ಲಂತೂ 2025ರ ಜನವರಿ 1ರಿಂದ ವಾಟ್ಸಾಪೇ ನಿಂತುಹೋಯಿತು. ಫೋನು ಕೆಟ್ಟಿರಲಿಲ್ಲ, ಕಾಲ ಅದನ್ನು ಹೊರದಬ್ಬಿತು.

ದುಂದುವೆಚ್ಚ ಪಾಪವೆಂದು ಮದುವೆಯೂಟದ ಬಗ್ಗೆ ನಮ್ಮಲ್ಲಿ ಪ್ರವಚನಗಳಿಗೆ ಬರವಿಲ್ಲ. ಇಲ್ಲಿ ಇಸ್ರಾಫ್ ಯಾರದು? ಸಾಲ ಮಾಡಿ ಹೊಸ ಫೋನು ಕೊಂಡವಳದೋ, ಹಳೆಯದು ನಡೆಯದಂತೆ ಮಾಡಿದವರದೋ?

ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಹೊಸ ನಿಯಮ ಬಂದಿದೆ: ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ ಸಿಗಬೇಕು, 800 ಚಾರ್ಜ್‌ಗಳ ನಂತರವೂ ಬ್ಯಾಟರಿಯಲ್ಲಿ ಶೇ. 80ರಷ್ಟು ಶಕ್ತಿ ಉಳಿದಿರಬೇಕು. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ದುರಸ್ತಿಯ ಹಕ್ಕು’ ಎಂಬ ಜಾಲತಾಣ ತೆರೆದು ಮಾಹಿತಿ ಕೊಟ್ಟಿತು. ಜಡೆಯ ರಿಪೇರಿಯವನಿಗೆ ಬೇಕಾದದ್ದು ಮಾಹಿತಿಯಲ್ಲ, ಅಸಲಿ ಬ್ಯಾಟರಿ. ಹಿಂದಿನ ಫೋನಿನ ಬೆನ್ನನ್ನು ಉಗುರಿನಿಂದ ತೆರೆದು ಬ್ಯಾಟರಿ ಬದಲಿಸುತ್ತಿದ್ದೆವು; ಈಗ ಅವನು ಅಂಟನ್ನು ಬಿಸಿ ಮಾಡಿ, ಗಾಜು ಒಡೆಯದಂತೆ ಉಸಿರು ಬಿಗಿಹಿಡಿದು ಬಿಡಿಸಬೇಕು.