ದೇವರ ಕಾಲ, ಗುರುಗಳ ಗಡಿಯಾರ

1963ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಮೆರಿಕದ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರವನ್ನು ನಾವು ದೇವಶಾಸ್ತ್ರವೆಂದೇ ಓದಬೇಕು. ಎಂಟು ಮಂದಿ ಬಿಳಿಯ ಧರ್ಮಗುರುಗಳು ಅಂದದ್ದಿಷ್ಟೆ: ಚಳವಳಿಗೆ ಇದು ಕಾಲವಲ್ಲ, ತಾಳಿ. ತಾಳೋದು ಯಾರು? ಹೋಟೆಲಿನ ಬಾಗಿಲಲ್ಲಿ ತಡೆಸಿಕೊಂಡವರೋ, ಒಳಗೆ ಕೂತು ಉಂಡವರೋ? ಕಾಲ ತಾನಾಗಿ ಯಾರನ್ನೂ ಬಿಡಿಸೋದಿಲ್ಲ, ದೇವರ ಜತೆಗೂಡಿ ದುಡಿಯೋರು ಬೇಕು ಅನ್ನುವುದು ಕಿಂಗ್ ವಾದ. ಕೋರ್ಟಿನ ತಡೆಯಾಜ್ಞೆ ಮುರಿದು ಶುಭ ಶುಕ್ರವಾರದಂದೇ ಜೈಲು ಸೇರಿದ ಆತನ ವಿಧೇಯತೆ ಅಂಥದು.

ಪತ್ರದ ಸೌಜನ್ಯ ಮಾತ್ರ ನಮಗೆ ಅತಿಯೆನಿಸುತ್ತದೆ. ಕೊನೆಗೆ ಆ ಗುರುಗಳನ್ನು ಸೋದರರಾಗಿ ಭೇಟಿಯಾಗುವ ಆಸೆ ಬೇರೆ!

ಇಲ್ಲಿ, 1950ರ ರಾಷ್ಟ್ರಪತಿ ಆದೇಶದಿಂದ ಪರಿಶಿಷ್ಟ ಜಾತಿಗಳ ಪಟ್ಟಿಯ ಹೊರಗುಳಿದ ದಲಿತ ಕ್ರೈಸ್ತರೂ ‘ಕಾಲ ಕೂಡಿ ಬರಲಿ’ ಅನ್ನೋ ಮಾತನ್ನೇ ಕೇಳುತ್ತಿದ್ದಾರೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಕೂಡಿ ಬಂತು.