ಗಟ್ಟಿ ಮನಸ್ಸಿನ ಹಂಗಿಲ್ಲದೆ

ಭದ್ರಾವತಿಯ ನ್ಯೂಟೌನಿನಲ್ಲೋ ಶಿವಮೊಗ್ಗದ ವಿನೋಬನಗರದಲ್ಲೋ ಒಂದು ಮನೆಗೆ ಕ್ಯಾನ್ಸರ್ ಹೊಕ್ಕಿತೆಂದರೆ ನೋಡಲು ಬಂದವರೆಲ್ಲ ಹೇಳುವುದು ಒಂದೇ: “ಮನಸ್ಸು ಗಟ್ಟಿ ಮಾಡ್ಕೊಳ್ಳಿ.” ಹೇಳಿದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಗಟ್ಟಿಯಾಗುವ ಕೆಲಸ ಕಿಮೋದಿಂದ ಬಾಯೆಲ್ಲ ಹುಣ್ಣಾದವರ ಪಾಲಿಗೆ ಉಳಿಯುತ್ತದೆ. ಈಚೆಗೆ ಆ ಮಾತಿನ ಪಕ್ಕದಲ್ಲೇ “ಧ್ಯಾನ ಮಾಡಿ” ಎಂಬುದೂ ಬಂದು ಕೂತಿದೆ. ಎರಡೂ ಒಂದೇ ಎಂದುಕೊಂಡವರೇ ಹೆಚ್ಚು. ನನ್ನ ತಕರಾರು ಅಲ್ಲಿಂದಲೇ ಶುರು.

ಮೈಂಡ್‌ಫುಲ್‌ನೆಸ್ ಹೆಸರಿನ ಈ ಅಭ್ಯಾಸಕ್ಕೆ ಆಸ್ಪತ್ರೆಯ ರೂಪ ಕೊಟ್ಟವರು ಜಾನ್ ಕಬಟ್-ಜಿನ್. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹಲವು ವಾರಗಳ ತರಗತಿಯಾಗಿ ಆರಂಭಿಸಿದರು. ಅದನ್ನು ಕ್ಯಾನ್ಸರ್ ರೋಗಿಗಳಿಗೆ ಹೊಂದಿಸಿದವರು ಕೆನಡಾದ ಕ್ಯಾಲ್ಗರಿಯ ಲಿಂಡಾ ಕಾರ್ಲ್‌ಸನ್, ಮೈಕೆಲ್ ಸ್ಪೆಕಾ. ಬೇರು ಬೌದ್ಧರ ವಿಪಶ್ಯನ, ಹಾಗಾಗಿ ನಮಗೆ ತೀರ ಹೊಸತೇನಲ್ಲ. ಉಸಿರನ್ನು ಗಮನಿಸು, ಭಯ ಬಂದರೆ ಬಂತು ಎಂದು ನೋಡು, ಓಡಿಸಬೇಡ: ಅದು ಹೇಳುವುದು ಇಷ್ಟೇ. ಧೈರ್ಯವನ್ನು ಅದು ಬೇಡುವುದೇ ಇಲ್ಲ. ರೋಗಿಗೆ ಹೆದರಲು ಅನುಮತಿ ಕೊಡುವ ಈ ಗುಣವೇ ನನಗೆ ಅದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು.

ಫಲವೆಷ್ಟು? ಸ್ತನ ಕ್ಯಾನ್ಸರಿನ ಮಹಿಳೆಯರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಬಂದ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ತೂಕದ ಮಾತಾಡಿದೆ. ಆತಂಕ, ಖಿನ್ನತೆ ಸ್ವಲ್ಪ ತಗ್ಗುತ್ತವೆ, ನಿದ್ದೆ ಸ್ವಲ್ಪ ಸುಧಾರಿಸುತ್ತದೆ, ಆರು ತಿಂಗಳವರೆಗೂ ಅದರ ಗುರುತು ಕಾಣುತ್ತದೆ. ಆ “ಸ್ವಲ್ಪ”ವನ್ನು ಹಗುರವಾಗಿ ಕಾಣಬಾರದು; ರಾತ್ರಿ ಮೂರಕ್ಕೆ ಎದ್ದು ಕೂರುವವರಿಗೆ ಸ್ವಲ್ಪ ಹೆಚ್ಚು ನಿದ್ದೆ ಎಂದರೂ ದೊಡ್ಡದೇ. ನಮ್ಮ ರಾಜ್ಯದ್ದೇ ಒಂದು ಅಧ್ಯಯನವಿದೆ: ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ಕಿಮೋ ಪಡೆಯುತ್ತಿದ್ದ 62 ಸ್ತನ ಕ್ಯಾನ್ಸರ್ ರೋಗಿಗಳನ್ನು ಗಮನಿಸಿ, ಯೋಗ ಮಾಡಿದವರಲ್ಲಿ ವಾಕರಿಕೆ ಕಡಿಮೆಯಿತ್ತೆಂದು 2007ರಲ್ಲಿ ಪ್ರಕಟಿಸಿದರು. ಆದರೆ ಅದು ಹಲವು ಅಭ್ಯಾಸಗಳು ಸೇರಿದ ಯೋಗ. ಧ್ಯಾನವೊಂದಕ್ಕೇ ಕೀರ್ತಿ ಕೊಡಲಾಗದು.

ಇನ್ನೊಂದು ಕೊರತೆ ನಮ್ಮ ಜಿಲ್ಲೆಗೆ ಹತ್ತಿರದ್ದು. ಪುರಾವೆಯ ಬಹುಪಾಲು ಸ್ತನ ಕ್ಯಾನ್ಸರಿನದು. ಅಡಿಕೆ ಬೆಳೆದು, ಅಡಿಕೆ ಅಗಿಯುವ ಈ ಸೀಮೆಯಲ್ಲಿ ಬಾಯಿ, ಗಂಟಲಿನ ರೋಗಿಗಳನ್ನು ಮರೆಯುವಂತಿಲ್ಲ. (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿ ಎರಡು ದಶಕ ದಾಟಿದರೂ ತೋಟದ ಊರಲ್ಲಿ ಅದನ್ನು ಜೋರಾಗಿ ಹೇಳುವವರು ಕಮ್ಮಿ.) ಗಂಟಲಲ್ಲಿ ನಳಿಕೆ ಇರುವವನಿಗೆ ಉಸಿರನ್ನೇ ಗಮನಿಸು ಎಂದರೆ ಗಾಬರಿಯೇ ಹೆಚ್ಚೀತು. ಅಂಥವರಿಗೆ ಪಾದ ನೆಲಕ್ಕೆ ತಾಗುವುದೋ ಹೊರಗಿನ ಸದ್ದೋ ಸಾಕು. ಬಲ್ಲ ಶಿಕ್ಷಕರು ಹಾಗೇ ಮಾಡಿಸುತ್ತಾರೆ, ಫೋನಿನ ಆ್ಯಪ್‌ಗೆ ಅದು ತಿಳಿಯದು.

ನಿಜವಾದ ಪರೀಕ್ಷೆ ಚಿಕಿತ್ಸೆ ಮುಗಿದ ಮೇಲಿನದು. ಕರೆಂಟ್ (ರೇಡಿಯೇಶನ್) ಕೊಟ್ಟಾಯಿತು, ಕೂದಲು ಬಂತು, ಊರೆಲ್ಲ “ಗುಣವಾಯ್ತಲ್ಲ” ಎನ್ನುತ್ತದೆ. ಚೆಕಪ್ ಹತ್ತಿರ ಬಂದಂತೆ ಸೊಂಟದ ಒಂದು ನೋವು ಮೂಳೆಗೆ ಹರಡಿದ ಗಡ್ಡೆಯಾಗುತ್ತದೆ, ಒಂದು ಕೆಮ್ಮು ಶ್ವಾಸಕೋಶಕ್ಕೆ ಇಳಿಯುತ್ತದೆ. ಈ ಹೊತ್ತಿನಲ್ಲಿ ತಲೆಯಿಂದ ಪಾದದವರೆಗೆ ಮೈಯನ್ನು ಗಮನಿಸುವ ಪಾಠ ಇಬ್ಬಾಯಿ ಕತ್ತಿ. ಕೆಲವರಿಗೆ ನೋವು ಬರೀ ನೋವಾಗಿ ಕಾಣತೊಡಗಿ ಭಯ ಕಟ್ಟಿದ ಕಥೆ ಕಳಚುತ್ತದೆ. ಕೆಲವರು ಅದನ್ನೇ ಗಡ್ಡೆ ಹುಡುಕುವ ಕಸುಬಾಗಿಸಿಕೊಳ್ಳುತ್ತಾರೆ. ಯಾರು ಯಾವ ಬಗೆ ಎಂದು ಗುರುತಿಸದ ತರಗತಿ ಅರೆಬರೆಯದು. ಹೋಗದ ನೋವನ್ನು ವೈದ್ಯರಿಗೆ ತೋರಿಸದೆ “ಬಂತು ಎಂದು ನೋಡುತ್ತ” ಕೂರುವುದಂತೂ ಅಪಾಯ.

ಅದಕ್ಕಿಂತ ನನಗೆ ಹೆಚ್ಚು ಸಿಟ್ಟು ಬರಿಸುವುದು, ಧ್ಯಾನ ಮಾಡಿದರೆ ರೋಗ ಮರುಕಳಿಸದು ಎಂಬ ಮಾತು. ಮನಸ್ಸಿಗೆ ಆಸರೆ ಕೊಡುವ ಗುಂಪು ಚಿಕಿತ್ಸೆ ಕ್ಯಾನ್ಸರ್ ರೋಗಿಗಳ ಆಯಸ್ಸು ಹೆಚ್ಚಿಸಿತೆಂದು ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗಲ್ 1989ರಲ್ಲಿ ವರದಿ ಮಾಡಿದಾಗ ಲೋಕವೇ ಕುಣಿದಿತ್ತು. ಅವರೇ ಮತ್ತೆ ಮಾಡಿದ ಪ್ರಯೋಗದಲ್ಲಿ, 2007ರಲ್ಲಿ, ಒಟ್ಟಾರೆ ಆ ಲಾಭ ಕಾಣಲಿಲ್ಲ. ಹೀಗಿರುವಾಗ ರೋಗ ಮರಳಿದವರಿಗೆ “ನೀವು ಸರಿಯಾಗಿ ಕೂರಲಿಲ್ಲ” ಎನ್ನುವುದು ಕ್ರೌರ್ಯ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ, 2020ರಲ್ಲಿ ತೀರಿಕೊಂಡ ನಾಟಿ ವೈದ್ಯ ನಾರಾಯಣಮೂರ್ತಿಯವರ ಮನೆಯೆದುರು ಔಷಧಿಗಾಗಿ ದೇಶದ ಮೂಲೆಮೂಲೆಯಿಂದ ಬಂದವರ ಸಾಲು ಕಂಡ ಜಿಲ್ಲೆ ನಮ್ಮದು. ಗುಣವಾಗುವ ಆಸೆ ಎಷ್ಟು ದೂರ ನಡೆಸುತ್ತದೆಂದು ನಮಗೆ ಗೊತ್ತು. ಧ್ಯಾನವನ್ನು ಆ ಸಾಲಿನಲ್ಲಿ ನಿಲ್ಲಿಸುವುದು ಬೇಡ.

ದಿನಕ್ಕೆ ಮುಕ್ಕಾಲು ಗಂಟೆ, ಸದ್ದಿಲ್ಲದ ಕೋಣೆ ಎಂಬ ಮೂಲ ಷರತ್ತೂ ಇಲ್ಲಿಗೆ ಹೊಂದದು. ಕಾರ್ಖಾನೆ ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಟಿವಿ, ಕುಕ್ಕರ್, ಮೊಮ್ಮಕ್ಕಳ ನಡುವೆ ಮನೆಯಾಕೆಗೆ ಆ ಹೊತ್ತು ಯಾರು ಕೊಡುತ್ತಾರೆ? ಆದರೆ ಕಿಮೋ ಬಾಟಲಿ ಹನಿಯುವ ಗಂಟೆಗಳಲ್ಲಿ ಹೇಗೂ ಕುರ್ಚಿ ಬಿಟ್ಟು ಏಳುವಂತಿಲ್ಲ. ತರಬೇತಾದ ನರ್ಸ್ ಒಬ್ಬರು ಅಲ್ಲೇ, ಕನ್ನಡದಲ್ಲೇ, ಹತ್ತು ನಿಮಿಷ ಕಲಿಸಲಿ. ಬೇಡವೆಂದವರನ್ನು ಅವರ ಪಾಡಿಗೆ ಮಲಗಲು ಬಿಡಲಿ.